ಒಂದು ಮಣೆ, ಎರಡು ಹೊಸಿಲು

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಸ್ಟುಡಿಯೋ ಕನಕರಾಜುವಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ಇದ್ದದ್ದು ಒಂದೇ ದುರಭ್ಯಾಸ. ಯಾರು ಏನು ಕೇಳಿದರೂ ಅವನ ಬಾಯಿಂದ "ಆಯ್ತು ಬುಡಿ, ಮಾಡಾನ" ಎಂಬ ಮಾತು ತಾನಾಗಿಯೇ ಹೊರಬೀಳುತ್ತಿತ್ತು. ಹೊರಬಿದ್ದದ್ದನ್ನು ವಾಪಸು ನುಂಗುವ ವಿದ್ಯೆ ಅವನಿಗೆ ಸಿದ್ಧಿಸಿರಲಿಲ್ಲ. ಮದುವೆ ಫೋಟೋ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ಕಾಯಿಲೆ ಇಲ್ಲ. ಸಕ್ಕರೆ ಕಾಯಿಲೆಯಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆಯನ್ನಾದರೂ ಕೊಡುತ್ತಾರೆ.

ಎರಡು ಸಾವಿರದ ಒಂಬತ್ತರಲ್ಲಿ ಇದರ ಜೊತೆಗೆ ಇನ್ನೊಂದು ಅಂಟಿತು. ಆಲ್ಬಂ ಪ್ರಿಂಟಿಗೆ ಕೊಡಲು ಮೈಸೂರಿನ ದೊಡ್ಡ ಕಲರ್ ಲ್ಯಾಬಿಗೆ ಹೋಗಿದ್ದಾಗ, ಅಲ್ಲಿ ಡಿಸೈನ್ ಮಾಡುವವನೊಬ್ಬ ಎದುರಿಗೆ ಎರಡು ಪರದೆ ಇಟ್ಟುಕೊಂಡು, ಒಂದರಲ್ಲಿದ್ದ ಮದುಮಗಳನ್ನು ಎಳೆದು ಇನ್ನೊಂದಕ್ಕೆ ಹಾಕುವುದನ್ನು ಕಂಡ. ಮದುಮಗಳು ಈ ಪರದೆಯ ಅಂಚಿನಲ್ಲಿ ಮುಳುಗಿ ಆ ಪರದೆಯ ಅಂಚಿನಲ್ಲಿ ಎದ್ದಳು. ಅವತ್ತು ಕನಕರಾಜು ಊಟವನ್ನೂ ಮರೆತು ಸೀದಾ ಗೆಳೆಯ ರಮೇಶನ ಬಳಿಗೆ ಹೋದ. ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ರಮೇಶ, ಮುಚ್ಚಿಹೋದ ಯಾವುದೋ ಆಫೀಸಿನಿಂದ ತಂದಿದ್ದ ಒಂದು ಲ್ಯಾಪ್‌ಟಾಪನ್ನೂ ಎರಡು ಮಾನಿಟರುಗಳನ್ನೂ ಒಂದು ಡಾಕಿಂಗ್ ಸ್ಟೇಷನ್ನನ್ನೂ ಅವನ ತಲೆಗೆ ಕಟ್ಟಿದ.

ಈ ಡಾಕಿಂಗ್ ಸ್ಟೇಷನ್ ಎಂಬುದು ಕರಿಯ ಚಪ್ಪಟೆ ಪೀಠ. ಕೀಬೋರ್ಡು, ಮೌಸು, ಎರಡು ಪರದೆ, ಎಲ್ಲದರ ವೈರುಗಳೂ ಅದರ ಬೆನ್ನಿಗೆ ಸೇರುತ್ತವೆ. ಲ್ಯಾಪ್‌ಟಾಪನ್ನು ಮುಚ್ಚಿ ಅದರ ಮೇಲೆ ಕೂರಿಸಿ ಒತ್ತಿದರೆ ಟಕ್ ಎಂದು ಕಚ್ಚಿಕೊಂಡು ಎರಡೂ ಪರದೆ ಹೊತ್ತಿಕೊಳ್ಳುತ್ತವೆ. ಹ್ಯಾಂಡ್‌ಪೋಸ್ಟಿನ ಜನ ಅದನ್ನು ನೋಡಿದ ಗಳಿಗೆಯಲ್ಲೇ "ಮಣೆ" ಎಂದು ಕರೆದರು, ಆಮೇಲೆ ಕನಕರಾಜುವೂ ಹಾಗೇ ಕರೆಯತೊಡಗಿದ. ಒಂದು ಲ್ಯಾಪ್‌ಟಾಪಿಗೆ ಎರಡು ಟೀವಿ ಯಾಕೆ ಎಂದು ಕೇಳದವರಿಲ್ಲ. ಒಂದರಲ್ಲಿ ಕ್ರಿಕೆಟ್ಟು, ಒಂದರಲ್ಲಿ ಧಾರಾವಾಹಿ ಬರುತ್ತದೆಯೇ ಎಂದು ಎಚ್.ಡಿ. ಕೋಟೆ ಬಸ್ಸಿನ ಕಂಡಕ್ಟರು ವಿಚಾರಿಸಿದ. ಎಲ್ಲರಿಗೂ ವಿವರಿಸಿ ವಿವರಿಸಿ, ಕೆಲಸ ಶುರುವಾಗುವ ಮೊದಲೇ ಕನಕರಾಜು ದಣಿದುಹೋದ.

ರಮೇಶ ಹೊರಡುವ ಮುಂಚೆ ಒಂದು ಪಾಠ ಹೇಳಿಕೊಟ್ಟಿದ್ದ. ಈ ಮಣೆಗೆ ಎರಡು ಗುಣ. ಒಂದು ಗುಣದಲ್ಲಿ ಎರಡು ಪರದೆಯೂ ಸೇರಿ ಒಂದೇ ಉದ್ದನೆಯ ಹೊಲವಾಗುತ್ತದೆ, ಚಿತ್ರವನ್ನು ಈ ತುದಿಯಿಂದ ಆ ತುದಿಗೆ ಎಳೆದು ಸಾಗಿಸಬಹುದು. ಇನ್ನೊಂದು ಗುಣದಲ್ಲಿ ಇಲ್ಲಿ ಏನು ಕಾಣುತ್ತದೋ ಅಲ್ಲಿಯೂ ಅದೇ ಕಾಣುತ್ತದೆ. ಲ್ಯಾಪ್‌ಟಾಪನ್ನು ಎತ್ತಿ ಮತ್ತೆ ಕೂರಿಸಿದಾಗಲೆಲ್ಲ ಯಾವ ಗುಣದಲ್ಲಿದೆ ಎಂದು ನೋಡಿಕೋ ಎಂದಿದ್ದ. ಕನಕರಾಜು "ಆಯ್ತು ಬುಡು" ಎಂದಿದ್ದ.

ಆ ವರ್ಷದ ವೈಶಾಖದಲ್ಲಿ ಹಾರನಹಳ್ಳಿಯಲ್ಲಿದ್ದ ಅವನ ಅಕ್ಕ ಚಿಕ್ಕಬೀರಮ್ಮನ ಮಗಳು ಶಾಂತಲಾಳ ಮದುವೆಯಾಗಿತ್ತು. ಗಂಡು, ಹ್ಯಾಂಡ್‌ಪೋಸ್ಟಿನ ಪಕ್ಕದ ಹಳ್ಳಿಯ ಪುಟ್ಟತಾಯಮ್ಮನ ಮಗ ಶಶಿ. ಪುಟ್ಟತಾಯಮ್ಮ ಎಂದರೆ ಕನಕರಾಜುವಿನ ಹೆಂಡತಿಯ ದೊಡ್ಡಮ್ಮ. ಹೆಣ್ಣಿನ ಫೋಟೋವನ್ನು ತಾನೇ ತೆಗೆದು, ತಾನೇ ಒಯ್ದು ತೋರಿಸಿ ಸಂಬಂಧ ಕುದುರಿಸಿದವನು ಕನಕರಾಜು. ಅಂದಮೇಲೆ ಆ ಮದುವೆಯಲ್ಲಿ ಏನು ಸರಿಹೋದರೂ ಅದು ದೇವರ ದಯೆ, ಏನು ಕೆಟ್ಟರೂ ಅದು ಕನಕರಾಜುವಿನ ತಪ್ಪು.

ಆಷಾಢ ಬಂತು. ಪದ್ಧತಿಯಂತೆ ಶಾಂತಲಾ ತವರಿಗೆ ಹೋದಳು. ಶ್ರಾವಣದಲ್ಲಿ ತಾನು ಹೋಗಿ ಸೊಸೆಯನ್ನು ಕರೆತರುವಾಗ ಅವಳ ಕೈಯಲ್ಲಿ ಮದುವೆಯ ಆಲ್ಬಂ ಇರಬೇಕು, ಅದನ್ನು ನೋಡಲು ನೆಂಟರನ್ನೆಲ್ಲ ಕರೆದಿದ್ದೇನೆ ಎಂದು ಪುಟ್ಟತಾಯಮ್ಮ ಅಪ್ಪಣೆ ಮಾಡಿದಳು. ಕನಕರಾಜು ಆಯ್ತು ಬುಡಿ ಅಂದ. ಅತ್ತೆ ಬಂದು ಫೋಟೋ ಆರಿಸಿ ಹೋದಳು. ಮರುದಿನ ಸೊಸೆಯೂ ಅವಳ ತಾಯಿಯೂ ಬಂದು ಅದನ್ನೆಲ್ಲ ತೆಗೆಸಿ ಬೇರೆ ಹಾಕಿಸಿದರು. ಅದರ ಮರುದಿನ ಅತ್ತೆ ಬಂದು ಹಳೆಯದನ್ನೇ ತುಂಬಿಸಿದಳು. ಹೊಸಿಲಿನದು ಬೇರೆ ಗೋಳು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಆದ್ದರಿಂದ ಒಬ್ಬರು ಹೋಗಿ ಇನ್ನೊಬ್ಬರು ಬರುವುದರೊಳಗೆ ಕನಕರಾಜು ಸ್ಟುಡಿಯೋ ಹೊಸಿಲನ್ನು ತೊಳೆದು ಅರಿಶಿನ ಬಳಿಯಬೇಕಿತ್ತು. ಹ್ಯಾಂಡ್‌ಪೋಸ್ಟಿನಲ್ಲಿ ದೇವಸ್ಥಾನದ ಹೊಸಿಲೂ ಅಷ್ಟು ಮಡಿಯಾಗಿರಲಿಲ್ಲ. ಆದರೂ ಆಲ್ಬಮಿನ ಒಂದು ಪುಟವೂ ಗಟ್ಟಿಯಾಗಲಿಲ್ಲ, ಊಟಕ್ಕೆ ಕೂತರೂ ಅವನ ಕಣ್ಣ ಮುಂದೆ ಮೂರು ಮೊಳದ ಮಲ್ಲಿಗೆ ದಂಡೆ ಮುಡಿದ ಹೆಂಗಸರೇ ಸಾಲಾಗಿ ನಿಲ್ಲುತ್ತಿದ್ದರು.

ಕೊನೆಗೆ ಸೋತು, ಇಬ್ಬರೂ ಒಂದೇ ದಿನ ಬಂದು ಒಟ್ಟಿಗೆ ಮುಗಿಸಿಬಿಡಿ ಎಂದು ಕೈ ಮುಗಿದ. ಪುಟ್ಟತಾಯಮ್ಮ ಅವನನ್ನು ಮರುಕದಿಂದ ನೋಡಿದಳು.

"ಆಸಾಡ ಕಣ್ರಪ್ಪ ಅಳಿಯಂದ್ರೆ. ನಾನೂ ನನ್ ಸೊಸೇನೂ ಒಂದೇ ದಿನ ಒಂದೇ ಒಸ್ಲು ದಾಟಿದ್ರೆ ಮನೆ ಉಳಿದಾದಾ?"

ಕನಕರಾಜುವಿನ ತಲೆಯಲ್ಲಿ ಆಗ ಬೆಳಕು ಹೊತ್ತಿತು. ಅವನ ಸ್ಟುಡಿಯೋಕ್ಕೂ ಪಕ್ಕದ ಸುನಂದಮ್ಮನ ಟೈಲರಿಂಗ್ ಅಂಗಡಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ತಡಿಕೆ, ಅದೂ ಮೇಲೆ ಛಾವಣಿ ಮುಟ್ಟದ್ದು. ಎರಡು ಅಂಗಡಿ ಎಂದರೆ ಎರಡು ಹೊಸಿಲು. ಒಂದು ಪರದೆಯನ್ನು ಇಲ್ಲಿಟ್ಟು ಅತ್ತೆಯನ್ನು ಕೂರಿಸುವುದು, ಇನ್ನೊಂದರ ವೈರನ್ನು ತಡಿಕೆಯ ಮೇಲಿಂದ ಇಳಿಬಿಟ್ಟು ಸುನಂದಮ್ಮನ ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟು ಸೊಸೆಯನ್ನು ಕೂರಿಸುವುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಕಂಪ್ಯೂಟರೊಂದು ಆಷಾಢದ ಶಾಸ್ತ್ರಕ್ಕೆ ತಲೆಬಾಗಿದ್ದು ಅದೇ ಮೊದಲಿರಬೇಕು. ಪುಟ್ಟತಾಯಮ್ಮ ಬಹಳ ಹೊತ್ತು ಯೋಚಿಸಿ, ವೈರು ಹೊಸಿಲು ದಾಟುವುದಿಲ್ಲವಲ್ಲ, ಗೋಡೆ ಹಾರುತ್ತದೆ, ದೋಷವಿಲ್ಲ ಎಂದು ತೀರ್ಪು ಕೊಟ್ಟಳು.

ಗೊತ್ತಾದ ದಿನ ಇತ್ತ ಪುಟ್ಟತಾಯಮ್ಮ, ಅವಳನ್ನು ಬೈಕಿನಲ್ಲಿ ಕರೆತಂದ ಶಶಿ. ಅತ್ತ ಚಿಕ್ಕಬೀರಮ್ಮ, ಶಾಂತಲಾ, ಜೊತೆಗೆ ರವಿಕೆ ಹೊಲಿಯುತ್ತಲೇ ತೀರ್ಪುಗಾರಳಾಗಿ ಕೂತ ಸುನಂದಮ್ಮ. ಒಂದು ಪುಟವನ್ನು ಅತ್ತೆ ಒಪ್ಪಿದ ಕೂಡಲೇ ಕನಕರಾಜು ಅದನ್ನು ಪರದೆಯ ಅಂಚಿಗೆ ಎಳೆದು ಆಚೆಗೆ ನೂಕುತ್ತಿದ್ದ. ತಡಿಕೆಯಾಚೆಯಿಂದ ಸುನಂದಮ್ಮ "ಒಪ್ಕಂಡ್ರು" ಎಂದು ಕೂಗುತ್ತಿದ್ದಳು. ಚಪ್ಪರದ ಪುಟ ದಾಟಿತು, ಅರಿಶಿನದ ಪುಟ ದಾಟಿತು, ಬಳೆ ತೊಡಿಸುವ ಪುಟವೂ ದಾಟಿತು. ಕನಕರಾಜು ಎಷ್ಟೋ ದಿನದ ಮೇಲೆ ಒಂದು ಲೋಟ ಟೀಯನ್ನು ಪೂರ್ತಿ ಕುಡಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಪರದೆಗಳು ಕಪ್ಪಾದರೂ ಲ್ಯಾಪ್‌ಟಾಪಿನೊಳಗೆ ಬ್ಯಾಟರಿಯ ಜೀವ ಇತ್ತು. ಮಾಡಿದ ಕೆಲಸ ಹಾಳಾಗದಿರಲಿ ಎಂದು ಅದನ್ನು ಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಾಪಾಡಿದ. ಕರೆಂಟು ಬಂದ ಮೇಲೆ ಮತ್ತೆ ಮಣೆಯ ಮೇಲೆ ಕೂರಿಸಿದ. ಟಕ್ ಎಂದಿತು. ಅವನ ಎದುರಿನ ಪರದೆ ಎಂದಿನಂತೆ ಬೆಳಗಿತು. ಮಣೆ ತನ್ನ ಮೊದಲಿನ ಗುಣ ಬಿಟ್ಟು ಎರಡನೆಯ ಗುಣಕ್ಕೆ ಹೊರಳಿತ್ತು. ಈಗ ಇಲ್ಲಿ ಮಾಡಿದ್ದೆಲ್ಲ ಅಲ್ಲಿಯೂ ಕಾಣುತ್ತಿತ್ತು. ಅಲ್ಲಿಯ ಪರದೆ ತಡಿಕೆಯ ಆಚೆಗಿದ್ದುದರಿಂದ ಇದು ಕನಕರಾಜುವಿಗೆ ತಿಳಿಯುವಂತಿರಲಿಲ್ಲ.

ಧಾರೆಯ ಪುಟ ಬಂತು. ನಡುವೆ ಶಶಿ ಮತ್ತು ಶಾಂತಲಾ, ಎಡಕ್ಕೆ ಪುಟ್ಟತಾಯಮ್ಮ, ಬಲಕ್ಕೆ ಚಿಕ್ಕಬೀರಮ್ಮ. ಶಾಂತಲಾಳ ಬೆನ್ನಿಗೇ ಸೋದರಮಾವನ ಜಾಗದಲ್ಲಿ ಕನಕರಾಜು. ಆ ಹೊತ್ತಿಗೆ ಮಾತ್ರ ಕ್ಯಾಮೆರಾವನ್ನು ಕೆ.ಆರ್. ನಗರದಿಂದ ಬಂದಿದ್ದ ಇನ್ನೊಬ್ಬ ಫೋಟೋಗ್ರಾಫರನಿಗೆ ಕೊಟ್ಟು ಅವನು ಅಲ್ಲಿ ನಿಂತಿದ್ದ. ಮದುವೆಯ ಫೋಟೋಗಳಲ್ಲೆಲ್ಲ ಅವನಿದ್ದದ್ದು ಅದೊಂದರಲ್ಲೇ.

ಪುಟ್ಟತಾಯಮ್ಮ ತಡಿಕೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ಅವಳ ಅಣ್ಣ ಸಣ್ಣಬೀರಯ್ಯ, ಪೇಟದ ಉಡುಗೊರೆಯನ್ನು ತನಗಿಂತ ಕಿರಿಯನಿಗೆ ಮೊದಲು ಕೊಟ್ಟರೆಂದು ಮುನಿಸಿಕೊಂಡು, ಧಾರೆಯ ಹೊತ್ತಿಗೆ ಛತ್ರದ ಗೇಟಿನಲ್ಲಿ ಹೋಗಿ ಕೂತಿದ್ದ. ಅಣ್ಣನಿಲ್ಲದ ಧಾರೆಯನ್ನು ನೆಂಟರಿಗೆ ಹೇಗೆ ತೋರಿಸುವುದು? ಅವನನ್ನು ಎಲ್ಲಿಂದಾದರೂ ತಂದು ಇಲ್ಲಿ ನಿಲ್ಲಿಸಬೇಕು. ಜಾಗ ಎಲ್ಲಿದೆ ಎಂದು ಕನಕರಾಜು ಕೇಳಿದ.

"ನಿಮ್ ಜಾಗ ಇಲ್ವಾ? ನೀವು ನಮ್ಮೋರೇ ಅಲ್ವಾ ಅಳಿಯಂದ್ರೆ, ಬೇಜಾರು ಮಾಡ್ಕಳಾಕಿಲ್ಲ."

ಕನಕರಾಜು ಆಯ್ತು ಬುಡಿ ಅಂದ. ಸಣ್ಣಬೀರಯ್ಯ ಇದ್ದದ್ದು ಊಟದ ಫೋಟೋ ಒಂದರಲ್ಲೇ. ಮುನಿಸು ಊಟಕ್ಕೆ ಅಡ್ಡ ಬಂದಿರಲಿಲ್ಲ. ಒಂದು ಕೈ ಬಾಯಿಯ ಹತ್ತಿರ, ಇನ್ನೊಂದು ಎಲೆಯ ಅಂಚಿನಲ್ಲಿ, ಕೆನ್ನೆಯೊಳಗೆ ಅರ್ಧ ಹೋಳಿಗೆ. ಹಾಗೇ ಕತ್ತರಿಸಿ ತಂದು ಧಾರೆಗೆ ಅಂಟಿಸಿದ. ಕೆನ್ನೆ ಉಬ್ಬಿದ್ದು ಮಂತ್ರ ಹೇಳುತ್ತಿರುವ ಹಾಗೆ ಕಾಣುತ್ತದೆ ಎಂದು ಪುಟ್ಟತಾಯಮ್ಮ ತೃಪ್ತಿಪಟ್ಟಳು.

ತಡಿಕೆಯಾಚೆ ಹೊಲಿಗೆ ಮೆಷಿನ್ನು ನಿಂತಿತು. ಸೋದರಮಾವ ಸಾಕ್ಷಾತ್ ಧಾರೆಯ ಮುಹೂರ್ತದಲ್ಲಿ ಕರಗಿಹೋಗಿ, ಆ ಜಾಗದಲ್ಲಿ ಹೋಳಿಗೆ ಜಗಿಯುವ ಸಣ್ಣಬೀರಯ್ಯ ಮೂಡಿದ್ದನ್ನು ಮೂವರು ಹೆಂಗಸರೂ ನೋಡಿದರು. ಏನು ಮಾಡುತ್ತಿದ್ದೀಯ ಎಂದು ಚಿಕ್ಕಬೀರಮ್ಮ ತಡಿಕೆಯ ಮೇಲಿಂದ ತಮ್ಮನನ್ನು ಕೇಳಿದಳು. ಕಾದು ಕಾದು ಬೇಸರವಾಗಿರಬೇಕು ಎಂದುಕೊಂಡ ಕನಕರಾಜು, ಎಲ್ಲ ನಿಮಗೋಸ್ಕರವೇ ಮಾಡುತ್ತಿದ್ದೇನೆ, ನೋಡಿದ ಮೇಲೆ ನೀನೇ ಖುಷಿಪಡುತ್ತೀಯ ಎಂದು ಸಮಾಧಾನ ಹೇಳಿದ. ಚಿಕ್ಕಬೀರಮ್ಮನಿಗೆ ಸಮಾಧಾನವಾಗಲಿಲ್ಲ.

ಪುಟ್ಟತಾಯಮ್ಮನ ಎರಡನೆಯ ಕೋರಿಕೆ ಸಣ್ಣದು. ಸೊಸೆ ಮಗನಿಗಿಂತ ನಾಲ್ಕು ಬೆರಳು ಎತ್ತರ ಕಾಣುತ್ತಾಳೆ, ಸ್ವಲ್ಪ ಇಳಿಸಬೇಕು. ಶಶಿ "ಬ್ಯಾಡ ಬುಡವ್ವ" ಎಂದು ಗೊಣಗಿದ. ತಾಯಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಕನಕರಾಜು ಸೊಸೆಯ ತಲೆಯ ಮೇಲೆ ಮೌಸು ಇಟ್ಟು ಒತ್ತಿದ. ಆಚೆ ಕಡೆ ಶಾಂತಲಾ ತಾನು ನಿಂತಲ್ಲೇ ಕುಗ್ಗುವುದನ್ನು ನೋಡುತ್ತ, ಕೂತಿದ್ದ ಸ್ಟೂಲಿನಲ್ಲಿ ತನಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಂಡಳು. ಮದುವೆಯ ರವಿಕೆ ಹೊಲಿದಿದ್ದ ಸುನಂದಮ್ಮನಿಗೆ ತನ್ನ ಅಳತೆಯ ಮೇಲೇ ಅನುಮಾನ ಬಂತು.

ಅಷ್ಟು ಹೊತ್ತಿಗೆ ಸುನಂದಮ್ಮನ ಬಾಗಿಲಲ್ಲಿ ಜನ ಸೇರಿದ್ದರು. ಸೀರೆಗೆ ಫಾಲ್ಸ್ ಹಾಕಿಸಲು ಬಂದವರು ಮೊದಲು, ಬಸ್ಸಿಗೆ ಕಾಯುತ್ತಿದ್ದವರು ಆಮೇಲೆ. ಅವರನ್ನು ಕರೆಯಲು ಬಂದ ಕಂಡಕ್ಟರೂ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಅಲ್ಲೇ ನಿಂತ. ಗುಂಪು ಚದುರಿಸಲು ಬಂದ ಹೋಂ ಗಾರ್ಡು, ತನಗೆ ಪರದೆ ಚೆನ್ನಾಗಿ ಕಾಣುವಷ್ಟು ಮಾತ್ರ ಗುಂಪನ್ನು ಚದುರಿಸಿದ.

ಮೂರನೆಯದು ಸರ. ಬೀಗಿತ್ತಿಯ ಕೊರಳಲ್ಲಿದ್ದ ಸರ ತನ್ನದಕ್ಕಿಂತ ದಪ್ಪ ಕಾಣುತ್ತದೆ ಎಂದು ಪುಟ್ಟತಾಯಮ್ಮ ಕನಕರಾಜುವಿನ ಕಿವಿಯಲ್ಲಿ ಹೇಳಿದಳು. ಕನಕರಾಜುವಿಗೆ ಇದು ಸರಿಯಲ್ಲ ಅನ್ನಿಸಿತು. ಅನ್ನಿಸಿದ್ದನ್ನು ಹೇಳುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು. ಸರವನ್ನು ಕೆರೆಯುತ್ತ ಬಂದ. ಇನ್ನೂ ಒಂದು ಚೂರು, ಇನ್ನೂ ಒಂದು ಚೂರು ಎಂದು ಪುಟ್ಟತಾಯಮ್ಮ ಹೇಳುತ್ತಲೇ ಇದ್ದಳು. ಈ ಕೈಚಳಕ ಹೇಗೆ ನಡೆಯುತ್ತದೆಂದು ನೋಡಲು ಕಂಡಕ್ಟರು ಆ ಬಾಗಿಲಿಂದ ಈ ಬಾಗಿಲಿಗೆ ಬಂದು ಇಣುಕಿದ.

"ಸಾಕು ಕಣಪ್ಪ, ಇನ್ನೂ ಸಣ್ಣ ಮಾಡಿದ್ರೆ ದಾರ ಆಗೋಯ್ತದೆ. ಆ ಅಮ್ಮ ಆಗ್ಲೇ ಕುತ್ಗೆ ಮುಟ್ಟಿ ಮುಟ್ಟಿ ನೋಡ್ಕತಾ ಅವ್ರೆ."

ಕನಕರಾಜುವಿನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಎದ್ದು ಸ್ಟೂಲು ಹತ್ತಿ ತಡಿಕೆಯ ಮೇಲಿಂದ ಇಣುಕಿ ನೋಡಿದ. ಆಚೆಯ ಪರದೆಯಲ್ಲಿ ಅದೇ ಧಾರೆ, ಅದೇ ಹೋಳಿಗೆ, ಅದೇ ತೆಳ್ಳಗಿನ ಸರ. ಪರದೆಯ ಮುಂದೆ ಅವನ ಅಕ್ಕ, ಕೊರಳ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಆಮೇಲೆ ನಡೆದ ಜಗಳಕ್ಕೆ ಆಷಾಢವೇ ಕಾವಲು ನಿಂತಿತು. ಚಿಕ್ಕಬೀರಮ್ಮ ಮಗಳ ಕೈ ಹಿಡಿದು ಸುನಂದಮ್ಮನ ಹೊಸಿಲಿಗೆ ಬಂದಳು. ಪುಟ್ಟತಾಯಮ್ಮ ಸ್ಟುಡಿಯೋ ಹೊಸಿಲಿಗೆ ಬಂದಳು. ಎರಡು ಅಂಗಡಿಗೂ ಹೊರಗಿನ ಮೆಟ್ಟಿಲು ಮಾತ್ರ ಒಂದೇ ಚಪ್ಪಡಿ. ಅದರ ಮೇಲೆ ಸೊಸೆ ಇರುವಾಗ ಅತ್ತೆ ಕಾಲಿಡುವಂತಿಲ್ಲ, ಅತ್ತೆ ಇರುವಾಗ ಸೊಸೆ ಇಡುವಂತಿಲ್ಲ. ಹೀಗಾಗಿ ಎರಡು ಪಕ್ಷದವರೂ ತಮ್ಮ ತಮ್ಮ ಹೊಸಿಲ ಒಳಗೇ ನಿಂತು ಬೈದಾಡಿದರು, ಬಿಸಿಲಲ್ಲಿ ಚಪ್ಪಡಿಯ ಮೇಲೆ ನಿಂತು ಎರಡು ಕಡೆಯ ಮಾತೂ ತಿಂದವನು ಕನಕರಾಜು. ಕಂಡಕ್ಟರು ನಡುವೆ ಒಂದು ಸಲ ಸೀಟಿ ಊದಿದ. ಬಸ್ಸು ಕದಲಲಿಲ್ಲ, ಇಳಿದವರು ಯಾರೂ ಹತ್ತಲಿಲ್ಲ.

ಚಿಕ್ಕಬೀರಮ್ಮ ಕೊನೆಗೆ ದನಿ ಇಳಿಸಿ ಕೇಳಿದಳು. ಅವಳು ದನಿ ಇಳಿಸಿದರೆ ಮಾತು ನಿಜವಾಗಿ ಕೆಟ್ಟಿತು ಎಂದೇ ಅರ್ಥ.

"ನನ್ ಮಗಳ ಎತ್ರಾನೂ ತಡ್ಕಳಾಕಾಗ್ದಿರೋ ಮನೆಗೆ ಅವ್ಳನ್ನ ಯಾಕ್ ಕಳ್ಸನೆ? ಇದ್ನೆಲ್ಲ ನೀವೇ ಯೋಳಿ ಮಾಡ್ಸಿದ್ರಾ ಬೀಗ್ತಿ, ಅಷ್ಟ್ ಯೋಳ್ಬುಡಿ. ಸ್ರಾವಣಕ್ಕೆ ನೀವು ಬರಾದೇ ಬ್ಯಾಡ."

ಪುಟ್ಟತಾಯಮ್ಮನ ಮುಖ ಸಣ್ಣದಾಯಿತು. ಬಸ್ಸಿನ ಜನವೆಲ್ಲ ನೋಡುತ್ತಿದ್ದರು. ನಾನೆಲ್ಲಿ ಹೇಳಿದೆ, ನನಗೆ ಈ ಮಣೆ ಗಿಣೆ ಏನು ಗೊತ್ತು, ನಿಮ್ಮ ತಮ್ಮನನ್ನೇ ಕೇಳಿ ಎಂದಳು. ಎಲ್ಲರೂ ಕನಕರಾಜುವಿನ ಕಡೆ ತಿರುಗಿದರು.

ಅವನು ಅಕ್ಕನನ್ನು ನೋಡಿದ, ಅತ್ತೆಯನ್ನು ನೋಡಿದ. ಅತ್ತೆಯ ಹಿಂದೆ ಶಶಿ ಕತ್ತು ಉದ್ದ ಮಾಡಿ ಪಕ್ಕದ ಹೊಸಿಲನ್ನು ನೋಡುತ್ತಿದ್ದ. ಅಕ್ಕನ ಹಿಂದೆ ಶಾಂತಲಾ ಈ ಹೊಸಿಲನ್ನು ನೋಡುತ್ತಿದ್ದಳು. ಆಷಾಢ ಹುಟ್ಟಿದ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಅದೇ ಮೊದಲು. ಅವರಿಗೆ ಜಗಳವೂ ಕೇಳಿಸುತ್ತಿರಲಿಲ್ಲ, ಸರವೂ ಬೇಕಿರಲಿಲ್ಲ.

"ನಾನೇ ಮಾಡ್ದೆ ಕಣಕ್ಕ" ಎಂದ ಕನಕರಾಜು.

ಒಮ್ಮೆ ಶುರು ಮಾಡಿದ ಮೇಲೆ ಸುಳ್ಳು ಸಲೀಸಾಗಿ ಬಂತು. ಸರ ದಪ್ಪವಿದ್ದರೆ ಪ್ರಿಂಟಿನಲ್ಲಿ ಮಿಂಚು ಹೊಡೆಯುತ್ತದೆ, ಅದಕ್ಕೇ ಕೆರೆದೆ ಎಂದ. ಪುಟದೊಳಗೆ ಹಿಡಿಸಲಿಲ್ಲ, ಅದಕ್ಕೇ ಹುಡುಗಿಯನ್ನು ಇಳಿಸಿದೆ ಎಂದ. ಸಣ್ಣಬೀರಯ್ಯ ದೊಡ್ಡವರು, ಇರಲಿ ಅಂತ ಹಾಕಿದೆ ಎಂದ. ಅತ್ತೆ ಒಂದು ಮಾತೂ ಹೇಳಿರಲಿಲ್ಲ ಎಂದೂ ಸೇರಿಸಿದ. ಪುಟ್ಟತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಪ್ಪ ಓದ್ ಮ್ಯಾಲೆ ನೀನೊಬ್ಬ ಇದ್ದೀಯೆ ಅಂದ್ಕಂಡಿದ್ದೆ ಕನಕ" ಎಂದಳು ಚಿಕ್ಕಬೀರಮ್ಮ. ಅಷ್ಟೇ ಹೇಳಿ ಮುಖ ತಿರುಗಿಸಿದಳು. ಆ ಮಾತಿನಿಂದ ಅವನಿಗೆ ಬಹಳ ನೋವಾಯಿತು.

ಪುಟ್ಟತಾಯಮ್ಮನಿಗೆ ಒಮ್ಮೆಲೇ ಔದಾರ್ಯ ಉಕ್ಕಿತು. ಹೋಗಲಿ ಬಿಡಿ, ಗಂಡಸರಿಗೆ ಏನು ತಿಳಿಯುತ್ತದೆ, ಶ್ರಾವಣದ ಮೊದಲನೇ ಸೋಮವಾರ ನಾನೇ ಬಂದು ಸೊಸೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಎಲ್ಲರೆದುರಿಗೆ ಹೇಳಿದಳು. ಚಿಕ್ಕಬೀರಮ್ಮ ತಲೆಯಾಡಿಸಿದಳು. ಆಮೇಲೆ ಬೀಗಿತ್ತಿಯರಿಬ್ಬರೂ ಹೊಸಿಲಿಂದ ಹೊಸಿಲಿಗೆ ಕನಕರಾಜುವಿನ ತಪ್ಪುಗಳನ್ನು ಹೇಳಿಕೊಳ್ಳತೊಡಗಿದರು. ಮದುವೆಯಲ್ಲಿ ಆರತಿಯ ಫೋಟೋ ಬಿಟ್ಟದ್ದು, ಊಟದ ಹೊತ್ತಿನಲ್ಲಿ ಕಣ್ಣಿಗೆ ಫ್ಲಾಶ್ ಹೊಡೆದದ್ದು, ಎಲ್ಲ ಬಂತು. ಇಬ್ಬರಿಗೂ ಇಷ್ಟೊಂದು ಒಮ್ಮತವಿದೆಯೆಂದು ಅವತ್ತಿನವರೆಗೆ ಇಬ್ಬರಿಗೂ ಗೊತ್ತಿರಲಿಲ್ಲ. ನೋಡುವಂಥದ್ದು ಇನ್ನೇನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಬಸ್ಸು ಹೊರಟಿತು.

ಕನಕರಾಜು ಒಳಗೆ ಹೋಗಿ ಎಲ್ಲವನ್ನೂ ಸರಿಮಾಡಲು ಕೂತ. ಈಗ ಮಣೆಯ ಗುಣ ಬದಲಾಯಿಸುವ ಗೊಡವೆಗೂ ಹೋಗಲಿಲ್ಲ. ಮುಚ್ಚಿಡುವುದು ಏನೂ ಇರಲಿಲ್ಲ. ಶಾಂತಲಾ ಎರಡು ಪರದೆಯಲ್ಲೂ ಬೆಳೆದು ಗಂಡನಿಗಿಂತ ನಾಲ್ಕು ಬೆರಳು ಮೇಲೆ ನಿಂತಳು. ಶಶಿ ಅದನ್ನು ನೋಡಿ ನಕ್ಕ. ಸರ ದಪ್ಪವಾಯಿತು. ಇನ್ನೊಂದು ಚೂರು ದಪ್ಪ ಮಾಡಿದರೂ ತಪ್ಪಿಲ್ಲ ಎಂದು ಪುಟ್ಟತಾಯಮ್ಮನೇ ಸಲಹೆ ಕೊಟ್ಟಳು. ಇನ್ನು ಸಣ್ಣಬೀರಯ್ಯನನ್ನು ತೆಗೆಯಬೇಕು ಎನ್ನುವಷ್ಟರಲ್ಲಿ ತಡಿಕೆಯಾಚೆಯಿಂದ ಅಕ್ಕನ ದನಿ ಬಂತು.

"ಅವ್ರು ಇರ್ಲಿ. ಧಾರೇಲಿ ಆ ಕನಕ ಬ್ಯಾಡ ನಂಗೆ."

ಪುಟ್ಟತಾಯಮ್ಮ ತಲೆಯಾಡಿಸಿದಳು. ಮೊದಲ ಸಲ ಒಂದು ಪುಟಕ್ಕೆ ಎರಡು ಕಡೆಯವರೂ ಒಂದೇ ಹೊತ್ತಿಗೆ ಒಪ್ಪಿದ್ದರು. ಕನಕರಾಜು ಕೂತು, ಸಣ್ಣಬೀರಯ್ಯನ ಸುತ್ತ ಅಲ್ಲಲ್ಲಿ ಉಳಿದಿದ್ದ ತನ್ನನ್ನು ಒರೆಸತೊಡಗಿದ. ಕಿವಿಯ ತುದಿ ಹೋಯಿತು, ಭುಜ ಹೋಯಿತು, ಪಂಚೆಯ ಅಂಚು ಹೋಯಿತು. ಕೊನೆಗೆ ಉಳಿದದ್ದು ಒಂದು ಕೈ. ಧಾರೆಯ ಹೊತ್ತಿಗೆ ಶಾಂತಲಾಳ ತೋಳು ನಡುಗುತ್ತಿತ್ತು. ಹಾಲು ಹೊರಗೆ ಚೆಲ್ಲೀತೆಂದು ಅವನು ಮೊಣಕೈಗೆ ಕೆಳಗಿಂದ ಆಸರೆ ಕೊಟ್ಟಿದ್ದ. ಮೌಸನ್ನು ಅದರ ಮೇಲಿಟ್ಟ. ತಡಿಕೆಯ ಮೇಲೆ ಒಂದು ಮುಖ ಮೂಡಿತು. ಶಾಂತಲಾ ಸ್ಟೂಲು ಹತ್ತಿ ನಿಂತಿದ್ದಳು.

"ಆ ಕೈ ಒಂದು ಇರ್ಲಿ ಬುಡು ಮಾವ" ಎಂದಳು, ಅವನಿಗೆ ಮಾತ್ರ ಕೇಳುವಂತೆ.

ಹಾಗಾಗಿ ಶ್ರಾವಣದ ಮೊದಲನೇ ಸೋಮವಾರ ಪುಟ್ಟತಾಯಮ್ಮನ ಮನೆಯ ಜಗಲಿಯಲ್ಲಿ ಆಲ್ಬಂ ಕೈಯಿಂದ ಕೈಗೆ ಹೋದಾಗ, ಅದರಲ್ಲಿ ಸಣ್ಣಬೀರಯ್ಯನಿಗೆ ಮೂರು ಕೈಗಳಿದ್ದವು. ಯಾರೂ ಎಣಿಸಲಿಲ್ಲ. ಎಲ್ಲರೂ ತಮ್ಮ ತಮ್ಮ ಮುಖ ಹುಡುಕುವುದರಲ್ಲೇ ಇದ್ದರು. ಮಗಳನ್ನು ಬಿಡಲು ಜೊತೆಗೆ ಬಂದಿದ್ದ ಚಿಕ್ಕಬೀರಮ್ಮ ಮಾತ್ರ ಧಾರೆಯ ಪುಟ ಬಂದಾಗ ತಿರುವುವುದನ್ನು ನಿಲ್ಲಿಸಿದಳು. ಮಗಳ ಮೊಣಕೈ ಕೆಳಗಿನ ಕೈ ಯಾರದು ಎಂದು ಕೇಳಿದಳು. ಪಕ್ಕದಲ್ಲಿ ಕೂತಿದ್ದ ಸಣ್ಣಬೀರಯ್ಯ ಬಗ್ಗಿ ಬಹಳ ಹೊತ್ತು ನೋಡಿದ.

"ನಂದೇಯ ಕಣವ್ವ. ಮಗಾ ಅವತ್ತು ಗಡಗಡ ನಡುಗ್ತಿತ್ತು. ನಾನೇ ಅಲ್ವಾ ಇಡ್ಕಂಡಿದ್ದು."

ಬಾಗಿಲ ಬಳಿ ಕ್ಯಾಮೆರಾ ಹಿಡಿದು ನಿಂತಿದ್ದ ಕನಕರಾಜು ಅದನ್ನು ಕೇಳಿಸಿಕೊಂಡ. ಕ್ಯಾಮೆರಾ ಎತ್ತಿ, ಎಲ್ಲರೂ ಒಂದು ಸಲ ಇತ್ತ ನೋಡಿ ಎಂದ. ಎಲ್ಲರೂ ಸೆರಗು, ಶಲ್ಯ ಸರಿಮಾಡಿಕೊಂಡು ಕ್ಯಾಮೆರಾದ ಕಡೆ ನೋಡಿದರು. ಧಾರೆಯ ಹೊತ್ತಿಗೆ ಸಣ್ಣಬೀರಯ್ಯ ಛತ್ರದ ಗೇಟಿನಲ್ಲಿ ಕೂತಿದ್ದದ್ದು ಚಿಕ್ಕಬೀರಮ್ಮನಿಗೆ ನೆನಪಿತ್ತು. ಅವಳು ಆಲ್ಬಮಿನಿಂದ ತಲೆಯೆತ್ತಿ, ಕ್ಯಾಮೆರಾವನ್ನು ಬಿಟ್ಟು, ಅದರ ಹಿಂದಿದ್ದ ತಮ್ಮನನ್ನು ನೋಡಿದಳು.